ಹೃಷ್ವಿಕಾಳ ಅಜ್ಜಿ

ಟಪ್ ಎಂದು ಒಂದು ಸಣ್ಣ ಸದ್ದು. ಪಾತ್ರೆಯ ನೀರಿಗೆ ಏನೋ ಬಿದ್ದ ಹಾಗೆ.

ರಂಜಿನಿಗೆ ಎಚ್ಚರವಾಯಿತು. ಹುಟ್ಟಿ ಬೆಳೆದ ಭದ್ರಾವತಿಯ ಮನೆಯಲ್ಲೇ ಮಲಗಿದ್ದರೂ ಅವಳ ನಿದ್ದೆ ಎಂದಿನಂತೆ ತೆಳುವಾಗಿತ್ತು. ಮೊದಲು ಪಕ್ಕದ ಕೋಣೆಯ ಮಗುವಿನ ಉಸಿರಿಗೆ ಕಿವಿಗೊಟ್ಟಳು. ತಮ್ಮ ಮುರಳಿಯ ಮಗಳು, ಮೂರು ತಿಂಗಳ ಕೂಸು, ಬೆಳಗಾದರೆ ನಾಮಕರಣ. ಮಗು ಹಾಯಾಗಿ ಮಲಗಿತ್ತು. ಮತ್ತೆ ಟಪ್.

ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದಳು. ಜೀರೋ ಬಲ್ಬಿನ ಬೆಳಕಿನಲ್ಲಿ ಅಮ್ಮ ಹುಲಿಗೆಮ್ಮ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಉಸಲಿಗೆಂದು ಕಡಲೆ ನೆನೆಹಾಕಿದ ಸ್ಟೀಲ್ ಪಾತ್ರೆ, ಮಡಿಲಲ್ಲಿ ಒಂದು ಹಿಡಿ ಒಣ ಕಡಲೆ. ತುಟಿ ಅಲುಗುತ್ತಿತ್ತು.

"ರುಸ್ವಿಕ," ಎಂದಳು. ತಲೆ ಅಲ್ಲಾಡಿಸಿದಳು. ಕಾಳು ಕೈಯಲ್ಲೇ ಉಳಿಯಿತು. "ಹುರು... ಹೃಷ... ಹೃಷ್ವಿಕಾ." ಟಪ್.

ಸರಿಯಾಗಿ ಬಂದರೆ ಮಾತ್ರ ಒಂದು ಕಾಳು ನೀರಿಗೆ. ತಪ್ಪಿದರೆ ಅದೇ ಕಾಳನ್ನು ಹಿಡಿದು ಮತ್ತೆ ಮೊದಲಿಂದ. ರಂಜಿನಿ ಹೆಜ್ಜೆ ಸದ್ದಾಗದಂತೆ ಹಿಂದಕ್ಕೆ ಬಂದು ಚಾಪೆಯ ಮೇಲೆ ಮಲಗಿದಳು. ಕಣ್ಣು ಹತ್ತುವ ಹೊತ್ತಿಗೆ ಹತ್ತೊಂಬತ್ತು ಕಾಳು ಬಿದ್ದಿದ್ದವು.

ಆ ಹೆಸರನ್ನು ಹುಡುಕಿದವನು ಮುರಳಿ. ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಹೊರಗುತ್ತಿಗೆಯ ಅಟೆಂಡರ್ ಆಗಿದ್ದ ಅವನು ತಿಂಗಳುಗಟ್ಟಲೆ ಮೊಬೈಲು ನೋಡಿ, ಹೆಂಡತಿ ಕವನಳ ಜೊತೆ ಚರ್ಚೆ ಮಾಡಿ, ಕೊನೆಗೆ ಇದನ್ನು ಆರಿಸಿದ್ದ. ಆದರೆ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. "ಅಕ್ಕ, ಓದಿದವಳು ನೀನು. ನಿನಗೆ ಒಪ್ಪಿಗೆ ಇಲ್ಲ ಅಂದ್ರೆ ಈಗ್ಲೂ ಬದಲಾಯಿಸ್ತೀನಿ," ಎಂದು ಫೋನಿನಲ್ಲಿ ಹೇಳಿದ್ದ. ಬೇಡ ಎಂದು ಹೇಳಲೆಂದೇ ರಂಜಿನಿ ಒಂದು ದಿನ ಮುಂಚೆ ಬಂದಿದ್ದಳು. ಬ್ಯಾಗಿನಲ್ಲಿ ಒಂದು ಚೀಟಿಯಿತ್ತು: ಗೌರಿ, ಜಾನಕಿ, ಮೀರಾ.

ಶಿವಮೊಗ್ಗದ ರವೀಂದ್ರನಗರದಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಅವಳಿಗೆ ಕೆಲಸ. ಅಡ್ಮಿಷನ್ ದಿನಗಳಲ್ಲಿ ಅರ್ಜಿಗಳ ರಾಶಿಯೆದುರು ಕೂತು ಸಹೋದ್ಯೋಗಿ ವೀಣಾ ಒಂದು ಆಟ ಆಡುತ್ತಿದ್ದಳು. "ಹೆಸರು ಓದು ಸಾಕು ಮಾರಾಯ್ತಿ, ಅಪ್ಪಂದು ಏನು ಕೆಲಸ ಅಂತ ನಾನು ಹೇಳ್ತೀನಿ. ಧನ್ವಿಷ್ಕಾನಾ? ಆಟೋ, ಇಲ್ಲಾಂದ್ರೆ ಗಾರೆ ಕೆಲಸ. ಡಾಕ್ಟ್ರ ಮನೆ ಮಕ್ಕಳೆಲ್ಲ ಈಗ ಗೌರಿ, ಜಾನಕಿ." ಐದರಲ್ಲಿ ನಾಲ್ಕು ಸಲ ವೀಣಾಳ ಮಾತು ಸರಿಯಾಗಿರುತ್ತಿತ್ತು. ಪ್ರತಿ ಸಲವೂ ರಂಜಿನಿ ನಕ್ಕಿದ್ದಳು. ನಾಲ್ಕು ವರ್ಷ ಕಳೆದರೆ ತಮ್ಮನ ಮಗಳ ಅರ್ಜಿಯೂ ಅಂಥದೇ ಒಂದು ಮೇಜಿನ ಮೇಲೆ ಇರುತ್ತದೆ ಎಂಬುದು ಹೊಳೆದ ದಿನದಿಂದ ಅವಳಿಗೆ ಸಮಾಧಾನವಿರಲಿಲ್ಲ.

ಬೆಳಿಗ್ಗೆ ಅಮ್ಮ ಉಸಲಿಗೆ ಒಗ್ಗರಣೆ ಹಾಕುತ್ತಿರುವಾಗ ರಂಜಿನಿ ಪಕ್ಕದಲ್ಲಿ ಕೂತು ತೆಂಗಿನಕಾಯಿ ತುರಿದಳು. ರಾತ್ರಿ ಕಂಡದ್ದು ಕಣ್ಣ ಮುಂದಿದ್ದರೂ ಮಾತು ಹೊರಬಂದೇ ಬಿಟ್ಟಿತು.

"ಅಮ್ಮ, ಬೇರೆ ಹೆಸರು ಇಡೋಣ್ವಾ? ಸ್ವಲ್ಪ ಸುಲಭದ್ದು. ನಿಂಗೂ ಕರೆಯಕ್ಕೆ ಆಗತ್ತೆ."

"ನಂಗೆ ಸುಲಭ ಆಗ್ಲಿ ಅಂತ ಮಗೂಗೆ ಹೆಸರಿಡ್ತಾರೇನೆ? ಅವನು ಆಸೆ ಪಟ್ಟು ಹುಡುಕಿದ್ದು."

"ಹಂಗಲ್ಲಮ್ಮ. ನಮ್ಮ ಶಾಲೇಲಿ ಇಂಥ ಹೆಸರು ನೋಡಿದ್ರೆ ನಗ್ತಾರೆ."

ಹುಲಿಗೆಮ್ಮ ಸೌಟು ಆಡಿಸುತ್ತಲೇ ಕೇಳಿದಳು, "ನೀನೂ ನಗ್ತೀಯಾ?"

ರಂಜಿನಿ ಕಾಯಿಯ ಇನ್ನೊಂದು ಹೋಳು ಎತ್ತಿಕೊಂಡಳು.

"ನಿನ್ನ ಹೆಸರಿಗೂ ನಕ್ಕಿದ್ರು," ಎಂದಳು ಅಮ್ಮ. ಅಪ್ಪ ಪುಟ್ಟಪ್ಪ ಕಾರ್ಖಾನೆಯ ಕುಲುಮೆಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ ಅವಳು ಆಫೀಸರೊಬ್ಬರ ಬಂಗಲೆಯಲ್ಲಿ ಮುಸುರೆ ತಿಕ್ಕುತ್ತಿದ್ದಳು. "ಬಂಗ್ಲೆ ಅಮ್ಮಾರು ಕೇಳಿದ್ರು, 'ರಂಜಿನಿ ಅಂತೆ! ಯಾಕೆ, ಕೆಂಚಿ, ಸಣ್ಣಿ ಯಾವ್ದೂ ಸಿಗ್ಲಿಲ್ವಾ?' ಅಂತ."

"ನೀನೇನಂದೆ?"

"ಏನಂತೀನಿ? ಕೈಯಲ್ಲಿ ಪಾತ್ರೆ ಇತ್ತು, ತೊಳೆದೆ." ಉಪ್ಪು ನೋಡಲು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡಳು. "ಮನೆಗೆ ಬಂದು ನಿನ್ನ ಹತ್ತು ಸಲ ರಂಜಿನಿ ಅಂತ ಕರೆದೆ. ಬೀದಿಗೆಲ್ಲ ಕೇಳೋ ಹಂಗೆ."

ಹತ್ತು ಗಂಟೆಗೆ ಕವನಳ ತವರಿನವರು ಆಲ್ಕೊಳದಿಂದ ಬಂದರು. ನಡುಮನೆ ತುಂಬಿತು. ಹೂವು ಸುತ್ತಿದ ತೊಟ್ಟಿಲಿಗೆ ಮಗುವನ್ನು ಇಳಿಸಿ ಎಲ್ಲರೂ ಸೋದರತ್ತೆಯ ಕಡೆ ನೋಡಿದರು. ಮುರಳಿ ಮೆಲ್ಲಗೆ, "ಅಕ್ಕ, ಅದೇ ತಾನೇ?" ಎಂದ. ರಂಜಿನಿ ಬಾಗಿ, ಹಾಲಿನ ವಾಸನೆಯ ಆ ಪುಟ್ಟ ಕಿವಿಯಲ್ಲಿ ಮೂರು ಸಲ ಹೇಳಿದಳು. "ಹೃಷ್ವಿಕಾ." ಹೆಂಗಸರು ಅವಳ ಬೆನ್ನಿಗೆ ಶಾಸ್ತ್ರಕ್ಕೆ ಒಂದೊಂದು ಗುದ್ದು ಕೊಟ್ಟರು. ಯಾರದೋ ಗುದ್ದು ಜೋರಾಗಿಯೇ ಬಿತ್ತು.

ಮುರಳಿ ಎಲ್ಲರಿಗೂ ಕೇಳುವಂತೆ ಹೆಸರು ಹೇಳಿದ. ಕವನಳ ದೊಡ್ಡಮ್ಮ ಶಾಂತಮ್ಮ ಸೋಫಾದಲ್ಲಿ ಕೂತೇ ಹುಬ್ಬೇರಿಸಿದರು.

"ಹೆಸರೇನೋ ಭಾರೀ ಜೋರಾಗಿದೆ. ನಮ್ಮ ಹುಲಿಗೆಮ್ಮನೋರು ಮೊಮ್ಮಗಳನ್ನ ಹೆಂಗೆ ಕರೀತಾರೆ ಅಂತ ನಂಗೆ ಯೋಚ್ನೆ. ಎಲ್ಲಿ ಬೀಗ್ರೇ, ಒಂದ್ಸಲ ಕರೀರಿ, ಕೇಳೋಣ."

ನಾಲ್ಕಾರು ಮಂದಿ ನಕ್ಕರು. ಕವನ ತಲೆ ತಗ್ಗಿಸಿದಳು. ರಾತ್ರಿ ಕಾಳು ನೀರಿಗೆ ಬಿದ್ದ ಸಲಗಳಿಗಿಂತ ಕೈಯಲ್ಲೇ ಉಳಿದ ಸಲಗಳೇ ಹೆಚ್ಚಿದ್ದವು ಎಂಬುದು ರಂಜಿನಿಗೆ ಗೊತ್ತಿತ್ತು. ಅಮ್ಮನ ಬದಲು ತಾನೇ ಏನಾದರೂ ಹೇಳಿ ಮಾತು ತಿರುಗಿಸಬೇಕೆಂದು ಬಾಯಿ ತೆರೆದಳು.

ಅಷ್ಟರಲ್ಲಿ ಹುಲಿಗೆಮ್ಮ ಉಸಲಿಯ ತಟ್ಟೆಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ತೊಟ್ಟಿಲ ಹತ್ತಿರ ಬಂದಿದ್ದಳು. ಮಗುವಿನ ಕುಲಾವಿ ಸರಿಮಾಡಿದಳು. ಅವಸರವಿರಲಿಲ್ಲ.

"ಹೃಷ್ವಿಕಾ," ಎಂದಳು.

ಒಂದು ಅಕ್ಷರವೂ ಜಾರಲಿಲ್ಲ. ಹುಟ್ಟಿದಾಗಿನಿಂದ ಆಡಿಕೊಂಡು ಬಂದ ಮಾತಿನಂತೆ, ಬೀದಿಗೆಲ್ಲ ಕೇಳುವಂತೆ, ಇನ್ನೊಮ್ಮೆ ಕರೆದಳು. "ಹೃಷ್ವಿಕಾ, ಇಲ್ಲಿ ನೋಡವ್ವಾ. ಆಲ್ಕೊಳದ ಅಜ್ಜಿ ನಿನ್ನ ಹೆಸರು ಕೇಳ್ತಿದಾರೆ. ಈಗ ಅವರೂ ಒಂದ್ಸಲ ಕರೀತಾರಂತೆ."

ಎಲ್ಲರ ಮುಖವೂ ಸೋಫಾದ ಕಡೆ ತಿರುಗಿತು. ಶಾಂತಮ್ಮ ಸೆರಗು ಸರಿಪಡಿಸಿಕೊಂಡರು. "ನಂಗ್ಯಾಕೆ ಬಿಡಿ. ನಾನು ಪುಟ್ಟಿ ಅಂತೀನಿ," ಎಂದರು. ಈ ಸಲದ ನಗುವಿನಲ್ಲಿ ಅವರೂ ಸೇರಿದ್ದರು.

ಮುರಳಿ ಅಕ್ಕನ ಪಕ್ಕಕ್ಕೆ ಬಂದ. "ನಿನ್ನೆ ಮಧ್ಯಾಹ್ನದವರೆಗೂ ಅಮ್ಮಂಗೆ ಬರ್ತಿರ್ಲಿಲ್ಲ. ನೀನು ಹೇಳ್ಕೊಟ್ಯಾ?"

ರಂಜಿನಿ ಅಮ್ಮನತ್ತ ನೋಡಿದಳು. ಅವಳು ಯಾರ ಕಡೆಗೂ ನೋಡದೆ ದೊನ್ನೆಗಳಿಗೆ ಉಸಲಿ ಬಡಿಸುತ್ತಿದ್ದಳು.

"ನಾನ್ಯಾಕೆ ಹೇಳ್ಕೊಡ್ಲಿ?" ಎಂದಳು ರಂಜಿನಿ. "ಅಮ್ಮಂಗೆ ಬರ್ದೇ ಇರುತ್ತೇನೋ?"

ರಾತ್ರಿಯ ಮಾತು ಯಾರಿಗೂ ಹೇಳುವುದಿಲ್ಲ ಎಂದು ಆಗಲೇ ನಿಶ್ಚಯಿಸಿಕೊಂಡಳು. ಮುರಳಿಗೂ ಇಲ್ಲ, ಅಮ್ಮನಿಗೂ ಇಲ್ಲ. ಅಮ್ಮ ತಂದು ಕೈಗಿತ್ತ ದೊನ್ನೆ ಬಿಸಿಯಾಗಿತ್ತು. ರಂಜಿನಿ ಒಂದೊಂದೇ ಕಾಳನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ತಿಂದಳು. ಕೆಲವು ಕಾಳು ಉಳಿದವಕ್ಕಿಂತ ತುಸು ಗಟ್ಟಿಯಾಗಿದ್ದವು, ರಾತ್ರಿ ತಡವಾಗಿ ನೀರಿಗೆ ಬಿದ್ದಂಥವು.