ದಾನಮ್ಮ ಕೇಳಿದ ಪ್ರಶ್ನೆ

ನಾನು ಒಂದು ಸೂಕ್ಷ್ಮದರ್ಶಕ. ಅಂಬಾಲಾದ ಕಾರ್ಖಾನೆಯೊಂದರಲ್ಲಿ ನನ್ನ ಕೊಳವೆಗೆ ಗಾಜು ಕೂರಿಸಿ, ಕಪ್ಪು ಬಣ್ಣ ಬಳಿದು, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ರೈಲು ಹತ್ತಿಸಿದರು. ಮೊದಲು ಒಂದು ಕಾಲೇಜಿನಲ್ಲಿದ್ದೆ. ಅಲ್ಲಿನ ಹುಡುಗರು ಉಳ್ಳಾಗಡ್ಡಿ ಸಿಪ್ಪೆ ನೋಡಿ ನೋಡಿ ನನ್ನ ತಿರುಪುಗಳನ್ನೆಲ್ಲ ಸಡಿಲ ಮಾಡಿದರು. ಆಮೇಲೆ ಗುಳೇದಗುಡ್ಡದ ಡಾಕ್ಟರ್ ಸುಮಿತ್ರಾ ನನ್ನನ್ನು ಕೊಂಡು ತಮ್ಮ ದವಾಖಾನೆಯ ಕಿಟಕಿಯ ಬಳಿ ಇಟ್ಟುಕೊಂಡರು.

ಒಂದು ಬೇಸಿಗೆಯಲ್ಲಿ ದಾನಮ್ಮ ಅಲ್ಲಿಗೆ ಬಂದಳು. ಕುಪ್ಪಸದ ಖಣ ನೇಯುವವಳು, ದಿನವೆಲ್ಲ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವಳು. ಆವತ್ತು ಕುರ್ಚಿಯಲ್ಲಿ ನೆಟ್ಟಗೆ ಕೂರಲೂ ಆಗುತ್ತಿರಲಿಲ್ಲ.

"ಕೆಳಗ ತಡಕೊಳ್ಳಲಾರದಷ್ಟು ತುರಿಕಿರಿ. ಒಂದಕ್ಕ ಹೋದ್ರ ಉರೀತೈತಿ. ಮೊಸರು ಒಡದಂಗ ಬಿಳೇದು ಹೋಗ್ತೈತಿ."

ಗಂಡ ಮಹಾಲಿಂಗಪ್ಪ ಅವಳ ಅಣ್ಣಂದಿರನ್ನು ಓಣಿಯ ಕಟ್ಟೆಗೆ ಕರೆಸಿ, ಎಲ್ಲರೆದುರು ಅವಳನ್ನು ಕೇಳಿದ್ದನಂತೆ: "ಈ ರೋಗ ನಿನಗ ಯಾರಿಂದ ಬಂತು?" ಅಂದಿನಿಂದ ಅವಳ ಹಾಸಿಗೆ ಮಗ್ಗದ ಕೋಣೆಗೆ ಬಿತ್ತು. ಔಷಧಿ ಅಂಗಡಿಯವನು ಕೊಟ್ಟ ಯಾವುದೋ ಮುಲಾಮು ಹಚ್ಚಿದಳು, ಸೋಪಿನಿಂದ ತಿಕ್ಕಿ ತಿಕ್ಕಿ ತೊಳೆದಳು. ಉರಿ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಡಾಕ್ಟರ್ ಪರೀಕ್ಷೆ ಮಾಡಿ, ಹತ್ತಿಯ ಕಡ್ಡಿಯಲ್ಲಿ ತೆಗೆದದ್ದನ್ನು ಗಾಜಿಗೆ ಸವರಿ ನನ್ನ ಕೆಳಗಿಟ್ಟರು. ಉದ್ದುದ್ದ ಎಳೆಗಳು, ಅವುಗಳ ಪಕ್ಕ ಮೊಗ್ಗು ಬಿಡುತ್ತಿದ್ದ ಗುಂಡು ಗುಂಡು ಕಣಗಳು.

"ಇದಕ್ಕ ಯೀಸ್ಟ್ ಅಂತಾರ, ಬೂಷ್ಟಿನ ಜಾತಿದು. ಮಂದಿ ಮೈಯಾಗ ಚೂರು ಇರೂದ. ಹೋದ ತಿಂಗಳ ಹಲ್ಲಿನ ಬಾವಿಗೆ ಆಂಟಿಬಯಾಟಿಕ್ ತಗೊಂಡಿದ್ದಿ, ಅದಕ್ಕ ಬೆಳದೈತಿ. ಇದರಾಗ ನಿನ್ನ ತಪ್ಪಿಲ್ಲ."

ಒಳಗಿಡುವ ಗುಳಿಗೆ ಕೊಟ್ಟರು. ತುರಿಕೆ ನಿಂತರೂ ಪೂರ್ತಿ ಮುಗಿಸಬೇಕು, ಒಳಗೆ ಸೋಪು ಮುಟ್ಟಿಸಬಾರದು, ಒಣಗಿದ ಹತ್ತಿ ಬಟ್ಟೆ ಉಡಬೇಕು, ಮತ್ತೆ ಬಂದರೆ ಅಂಗಡಿಗೆ ಹೋಗದೆ ಇಲ್ಲಿಗೇ ಬರಬೇಕು ಎಂದರು.

"ಗಂಡಸರಿಗೂ ಬರ್ತೈತೇನ್ರಿ?"

"ಬರ್ತೈತಿ. ಸಕ್ಕರಿ ಕಾಯಿಲೆ ಇದ್ರ ಜಾಸ್ತಿ."

ದಾನಮ್ಮ ಗುಳಿಗೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡ ಮರೆಗೆ ಹೋಗಿ ತುರಿಸಿಕೊಳ್ಳುವುದನ್ನು, ಗಳಿಗೆಗೊಮ್ಮೆ ನೀರು ಕುಡಿದು ಹಿತ್ತಲಿಗೆ ಓಡುವುದನ್ನು ಅವಳು ನೋಡಿದ್ದಳು. ಅವಳ ಮುಖದಲ್ಲಿ ಮೂಡಿದ್ದು ನೆಮ್ಮದಿಯಲ್ಲ. ಅದು ಹಗೆ, ಮತ್ತು ಅದನ್ನು ಕಂಡು ನನಗೆ ಹಿತವಾಯಿತು.

ಅವಳು ಗುಣವಾದಳು, ಕಾದಳು. ಕೊನೆಗೆ ತಾಳಲಾರದೆ ಮಹಾಲಿಂಗಪ್ಪ ತಾನೇ ಬಂದ. ಅವನದೂ ಅವೇ ಎಳೆಗಳು, ಅವೇ ಮೊಗ್ಗುಗಳು. ರಕ್ತದಲ್ಲಿ ಸಕ್ಕರೆ ವಿಪರೀತ. ಡಾಕ್ಟರ್ ಹೇಳಿದಂತೆ ಅವನು ನನ್ನೊಳಗೆ ಬಗ್ಗಿ ನೋಡಿದ. ನನ್ನ ಸಡಿಲ ತಿರುಪು ಅಂದು ಒಂದಿಷ್ಟೂ ಜಾರಲಿಲ್ಲ.

"ಹೊರಗ ಯಾರಿಗೂ ಹೇಳಬ್ಯಾಡ್ರಿ," ಎಂದ.

"ನಾ ಹೇಳಂಗಿಲ್ಲ," ಎಂದರು ಡಾಕ್ಟರ್.

ಹೇಳುವ ಅಗತ್ಯವೂ ಬೀಳಲಿಲ್ಲ. ಅವನು ದವಾಖಾನೆಗೆ ಹೊರಟದ್ದು ಕಂಡವಳೇ ದಾನಮ್ಮ ಅಣ್ಣಂದಿರನ್ನು ಕರೆದುಕೊಂಡು ಬಂದು ಪಡಸಾಲೆಯಲ್ಲಿ ನಿಂತಿದ್ದಳು. ಅವನ ಕೈಯಲ್ಲಿದ್ದ ಮುಲಾಮಿನ ಟ್ಯೂಬು ನೋಡಿ, ದನಿ ಏರಿಸದೆ ಕೇಳಿದಳು:

"ಇದು ನಿನಗ ಯಾರಿಂದ ಬಂತು?"

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಮನ್ಯಾಗ ಮಾತಾಡೂಣು, ನಡಿ."

"ನನ್ನ ಕಟ್ಟಿ ಮ್ಯಾಲ ಕೇಳಿದಿ. ನೀ ಇಲ್ಲೇ ಹೇಳು."

ಅವನು ನೆಲ ನೋಡಿದ. "ಯಾರಿಂದಲೂ ಇಲ್ಲ. ಸಕ್ಕರಿಯಿಂದ."

"ನನಗ?"

"ನಿನಗೂ... ಯಾರಿಂದಲೂ ಅಲ್ಲ."

"ನಮ್ಮ ಅಣ್ಣಗೋಳಿಗೆ ಕೇಳಲಿಲ್ಲ."

ಅವನು ಗಟ್ಟಿಯಾಗಿ ಹೇಳಿದ. ಅಷ್ಟಕ್ಕೇ ಬಿಡದೆ, ಆ ಸಂಜೆ ಓಣಿಯ ಕಟ್ಟೆಯ ಮೇಲೂ ಅವನಿಂದ ಹೇಳಿಸಿದಳಂತೆ.

ಈಗ ಕಿಟಕಿಯ ಬಳಿ ವಿದ್ಯುತ್ ದೀಪದ ಹೊಸ ಯಂತ್ರವಿದೆ. ನಾನು ಕಪಾಟಿನ ಮೇಲಿದ್ದೇನೆ. ನನ್ನ ಗಾಜಿಗೇ ಬೂಷ್ಟು ಹಿಡಿದಿದೆ. ದಾನಮ್ಮ ಗಂಡನನ್ನು ಸಕ್ಕರೆ ಪರೀಕ್ಷೆಗೆ ಕರೆತರುತ್ತಾಳೆ, ಗುಳಿಗೆ ತಪ್ಪಿಸಲು ಬಿಡುವುದಿಲ್ಲ. ಒಮ್ಮೆ ಅವನು ಹೊರಗೆ ಹೋದಾಗ ಡಾಕ್ಟರ್ ಕೇಳಿದರು, "ಕ್ಷಮಿಸಿದಿಯೇನ?"

"ಇಲ್ರಿ," ಎಂದಳು. "ಅವ ಭಾಳ ದಿನ ಬದುಕಲಿ. ನನ್ನ ಮುಂದ ತಲಿ ತಗ್ಗಿಸಿಕೊಂಡ ಬದುಕಲಿ."

ನನ್ನ ಕೆಳಗೆ ಎಷ್ಟೋ ರೋಗಗಳು ಹಾದುಹೋಗಿವೆ. ದಾನಮ್ಮನ ಹಗೆಯನ್ನು ಮಾತ್ರ ನಾನು ಆ ಲೆಕ್ಕಕ್ಕೆ ಸೇರಿಸುವುದಿಲ್ಲ.