ಕೂಸು ಮಲಗಿದ್ದಾಗ ಕೂಡಿಸಿದ ಶ್ರುತಿ

ಮೂರನೆಯ ಸಲವೂ ಅದೇ ಮನೆಯಿಂದ ಕರೆ ಬಂದಾಗ ಶ್ರುತಿಯಜ್ಜ ಉಪಕರಣಗಳ ಚೀಲ ಎತ್ತಿಕೊಳ್ಳಲು ಹಿಂದೆಮುಂದೆ ನೋಡಿದ. ಪಿಯಾನೊಗಳ ಶ್ರುತಿ ಕೂಡಿಸುತ್ತಲೇ ತಲೆ ನರೆತವನು. ಎಲ್ಲರೂ ಅವನನ್ನು ಶ್ರುತಿಯಜ್ಜ ಎನ್ನುತ್ತಿದ್ದುದೇ ಅದಕ್ಕೆ. ಆ ಮನೆಯ ಹಳೇ ಪಿಯಾನೊ ಮಾತ್ರ ಅವನು ಬೆನ್ನು ತಿರುಗಿಸುವುದೇ ತಡ, ಶ್ರುತಿ ಬಿಡುತ್ತಿತ್ತು. ಮೊದಲ ಸಲ ಹಳೇ ಮರದ ಮೇಲೆ ತಪ್ಪು ಹೊರಿಸಿದ್ದ, ಎರಡನೇ ಸಲ ಹವೆಯ ಮೇಲೆ. ಈಗ ಉಳಿದದ್ದು ಅವನ ಕಿವಿ. ಇದೇ ಕೆಲಸ ಮಾಡುತ್ತಿದ್ದ ಅಪ್ಪನಿಗೂ ಇದೇ ವಯಸ್ಸಿನಲ್ಲಿ ಕಿವಿ ಕೈಕೊಟ್ಟಿತ್ತು. ಊರಿಗೆಲ್ಲ ತಿಳಿದ ಮೇಲೆ ಅಪ್ಪನಿಗೆ ತಿಳಿದಿತ್ತು.

ಮನೆಯಾಕೆ ಬಾಗಿಲು ತೆಗೆದು ತುಟಿಯ ಮೇಲೆ ಬೆರಳಿಟ್ಟಳು. ಮಗಳ ಕೂಸು ಪಕ್ಕದ ಕೋಣೆಯಲ್ಲಿ ಮಲಗಿತ್ತು. ಅವನು ಬಂದಾಗಲೆಲ್ಲ ಮಲಗಿಯೇ ಇರುತ್ತಿತ್ತು.

"ನಿಮ್ಮನ್ನ ದೂರ್ತಿಲ್ಲ ಅಜ್ಜಾ," ಎಂದು ಪಿಸುಗುಟ್ಟಿದಳು. "ನನ್ನದು ಬಟ್ಟೆ ಒಗೆದ ಕೈ, ನುಡಿಸೋದೂ ಒಗೆದ ಹಾಗೇ ಅಂತಾನೆ ಅಳಿಯ. ಆದ್ರೂ ನಾಲ್ಕು ದಿನಾನೂ ನಿಲ್ಲಲ್ಲ ಅಂದ್ರೆ..."

ಮಾತನ್ನು ಮುಗಿಸಿದ್ದರೇ ಚೆನ್ನಾಗಿತ್ತು.

ಅಜ್ಜ ಪಿಯಾನೊದ ಮುಂದಿನ ಹಲಗೆ ಕಳಚಿದ. ಹಿಂದಿನ ಗೋಡೆ ಮುಟ್ಟಿ ನೋಡಿದ, ತೇವವಿರಲಿಲ್ಲ. ಬಿಸಿಲೂ ಅಲ್ಲಿಯತನಕ ಬರುತ್ತಿರಲಿಲ್ಲ. ತಂತಿ ಸುತ್ತಿದ ಮೊಳೆಗೆ ಹಿಡಿ ತೊಡಿಸಿ ತಿರುಪಿದ. ಬಿಗಿ. ಇನ್ನೊಂದು, ಅದೂ ಬಿಗಿ. ಒಂದಾದರೂ ಸಡಿಲವಿರಲಿ ದೇವರೇ, ತಪ್ಪು ಕಿವಿಯದಾಗದಿರಲಿ ಎಂದು ಬೇಡಿಕೊಂಡ. ಇನ್ನೊಬ್ಬರ ಪಿಯಾನೊ ಕೆಟ್ಟಿರಲಿ ಎಂದು ಬೇಡಿದ್ದು ಅವನ ಆಯುಸ್ಸಿನಲ್ಲೇ ಅದು ಮೊದಲು. ಎಲ್ಲವೂ ಮರ ಕಚ್ಚಿ ಕೂತಿದ್ದವು.

ತಟ್ಟಿದರೆ ಸರಿಯಾದ ಸ್ವರ ಮಿಡಿಯುವ ಉಕ್ಕಿನ ಕವಲುಕಡ್ಡಿಯನ್ನು ಮೊಣಕಾಲಿಗೆ ತಟ್ಟಿ ಕಿವಿಗಿಟ್ಟುಕೊಂಡು, ಮೆಲ್ಲಗೆ ಕೀ ಒತ್ತಿ, ತಂತಿಯನ್ನು ಅದಕ್ಕೆ ಕೂಡಿಸಿ ತಲೆದೂಗಿದ. ಕೂಡಿತೋ, ಕೂಡಿದ ಹಾಗೆ ಕೇಳಿತೋ? ಅಪ್ಪನೂ ಕೊನೇ ದಿನಗಳಲ್ಲಿ ಹೀಗೇ ತಲೆದೂಗುತ್ತಿದ್ದ.

ಅಷ್ಟರಲ್ಲಿ ಕೂಸು ಎದ್ದು ಕಿರುಚಿತು. ಮನೆಯಾಕೆ ಅದನ್ನೆತ್ತಿಕೊಂಡು ಅಂಗಳಕ್ಕೆ ನಡೆದಳು. "ಇನ್ನು ಸದ್ದಾದ್ರೆ ಆಗ್ಲಿ ಬಿಡಿ, ಎದ್ದದ್ದಂತೂ ಆಯ್ತು."

ಅಜ್ಜನ ಬೆರಳು ಕೀಯ ಮೇಲೆಯೇ ನಿಂತುಬಿಟ್ಟಿತು. ಬೇರೆ ಮನೆಗಳಲ್ಲಿ ಪ್ರತಿ ತಂತಿ ಬಿಗಿದ ಮೇಲೂ ಕೀಯನ್ನು ಜೋರಾಗಿ ಕುಟ್ಟುತ್ತಿದ್ದ. ಕುಟ್ಟಿದರೆ ತಾನೇ ತಂತಿ ತನ್ನ ಜಾಗ ಹಿಡಿಯುವುದು? ಇಳಿಯುವುದಿದ್ದರೆ ಆಗಲೇ ಇಳಿದು, ಮತ್ತೆ ಬಿಗಿಸಿಕೊಳ್ಳುವುದು. ಇಲ್ಲಿ ಮಾತ್ರ ಕೂಸಿನ ನಿದ್ದೆಗೆ ಅಂಜಿ ಕಳ್ಳಬೆಕ್ಕಿನಂತೆ ಶ್ರುತಿ ಕೂಡಿಸಿ ಹೋಗಿದ್ದ. ಆಮೇಲೆ ಕುಟ್ಟಿ ತಂತಿ ಇಳಿಸುತ್ತಿದ್ದುದು ಮನೆಯಾಕೆಯ ಬಟ್ಟೆ ಒಗೆದ ಕೈ.

ಆದರೆ ಈಗ ಕುಟ್ಟಲು ಧೈರ್ಯ ಸಾಲಲಿಲ್ಲ. ಕುಟ್ಟಿದ ಮೇಲೂ ಏನೂ ವ್ಯತ್ಯಾಸ ಕೇಳದಿದ್ದರೆ? ಅಲ್ಲಿಗೆ ಮುಗಿಯಿತು, ಮನೆಗೆ ಹೋಗಿ ಗೋಡೆ ನೋಡುತ್ತ ಕೂರುವುದೇ.

ಕಣ್ಣು ಮುಚ್ಚಿ ಕುಟ್ಟಿದ. ಇನ್ನೊಮ್ಮೆ ಕುಟ್ಟಿದ. ಕಡ್ಡಿ ತಟ್ಟಿ ಕಿವಿಗಿಟ್ಟುಕೊಂಡು ಕೀ ಒತ್ತಿದ.

ಕಡ್ಡಿಯ ದನಿಗೂ ತಂತಿಯ ದನಿಗೂ ನಡುವೆ ಅಲೆಯೊಂದು ತೂಗಿತು. ತಂತಿ ಕೂದಲೆಳೆಯಷ್ಟು ಇಳಿದಿತ್ತು. ಇಳಿದದ್ದು ಅವನಿಗೆ ಕೇಳಿಸಿತ್ತು.

ಕಿಟಕಿಯ ಬಳಿ ಹೋಗಿ ಅಂಗಳದಲ್ಲಿದ್ದ ಮನೆಯಾಕೆಗೆ ಹೇಳಿದ: "ತಾಯಿ, ಕೂಸು ಏಳುತ್ತೆ ಅಂತ ಕೀ ಕುಟ್ಟದೆ ಬಿಟ್ಟಿದ್ದೇ ತಪ್ಪಾಯ್ತು. ಸಂಜೆವರೆಗೆ ಕೂಸನ್ನ ಒಳಗೆ ತರಬೇಡಿ. ಇವತ್ತು ನಿಮಗಿಂತ ಜೋರಾಗಿ ಒಗೀಬೇಕು ನಾನು."

"ಅಷ್ಟೇನಾ ಇದ್ದದ್ದು?"

"ಅಷ್ಟೇ," ಎಂದ. ಎಂದವನು, ಯಾವುದಕ್ಕೂ ಇರಲಿ ಎಂದು, ಕಡ್ಡಿಯನ್ನು ಇನ್ನೊಮ್ಮೆ ತಟ್ಟಿ ಕಿವಿಗಿಟ್ಟುಕೊಂಡ.