ಟ್ರೆಸ್ಕಿನ್ ಹೊಲದ ಎರಡು ಮನೆ

ಕುಂಚವನ್ನು ಸುಣ್ಣದ ಗಡಿಗೆಯಲ್ಲಿ ಅದ್ದಿ, ಅಂಚಿಗೆ ಒಮ್ಮೆ ಒರೆಸಿ, ಹನಮವ್ವ ಗೋರಿಯ ಕಲ್ಲಿನ ತಲೆಯಿಂದ ಕೆಳಕ್ಕೆ ಎಳೆದಳು. ಹೋದ ವರ್ಷದ ಸುಣ್ಣ ಮಳೆಗೆ ತೊಳೆದುಹೋಗಿ ಕಲ್ಲು ಬೂದಿ ಬಣ್ಣಕ್ಕೆ ತಿರುಗಿತ್ತು. ಅಕ್ಷರಗಳಿದ್ದ ಕಡೆ ಮಾತ್ರ ಅವಳ ಕೈ ಹಗುರಾಗುತ್ತಿತ್ತು. ಅಲ್ಲಿ ಸುಣ್ಣ ತುಂಬಿದರೆ ಹೆಸರು ಮುಚ್ಚಿಹೋಗುತ್ತದೆ ಎಂದು ಅತ್ತೆ ಹೇಳಿಕೊಟ್ಟಿದ್ದಳು. ಇಂಗ್ಲಿಷ್ ಅಕ್ಷರ, ಅವಳಿಗೆ ಓದಲು ಬಾರದ್ದು. ಆದರೂ ಯಾವ ಗೆರೆ ಎಲ್ಲಿ ತಿರುಗುತ್ತದೆ ಎಂಬುದು ಬೆರಳಿಗೆ ಗೊತ್ತಿತ್ತು.

ಕಲ್ಲಿನ ಆಚೆ ಬದಿಯಲ್ಲಿ ಪಕ್ಕದ ಮನೆಯ ರಾಜಮಾಬಿ ಕುಕ್ಕರಗಾಲಲ್ಲಿ ಕೂತು ಕರಕಿ ಹುಲ್ಲು ಕೀಳುತ್ತಿದ್ದಳು. ದೀಪಾವಳಿಗೆ ಹನಮವ್ವನ ಮನೆಗೆ ಬಳಿದು ಉಳಿದ ಸುಣ್ಣ ಈ ಕಲ್ಲಿಗೆ. ಸುತ್ತಲಿನ ಹುಲ್ಲು ಕಿತ್ತು ನೆಲ ಹಸನು ಮಾಡುವುದು ರಾಜಮಾಬಿಯ ಮನೆಯ ಪಾಲಿಗೆ. ಹೀಗೆಂದು ಯಾರೂ ಗೊತ್ತು ಮಾಡಿದ್ದಲ್ಲ. ಎರಡೂ ಮನೆಯ ಸೊಸೆಯಂದಿರು ಬಂದಾಗಿನಿಂದ ನಡೆದುಬಂದದ್ದು.

ಯರಗುಪ್ಪಿಯ ದಾರಿ ಕಡೆಯಿಂದ ಗುಡದಪ್ಪ ಬರುವುದು ಕಂಡಿತು. ಹಿಂಗಾರಿ ಮಳೆಗೆ ಎರೆ ಮಣ್ಣು ಸೈಕಲ್ಲಿನ ಗಾಲಿಗೆ ಮೆತ್ತಿ ತಿರುಗದಂತಾಗಿ, ಅವನು ಸೈಕಲ್ಲನ್ನೇ ಹೆಗಲ ಮೇಲೆ ಹೊತ್ತುಕೊಂಡಿದ್ದ. ಅವನು ಹನಮವ್ವನ ಮೈದುನ. ಅವಳ ಗಂಡ ಹೊಳಬಸಪ್ಪ ತೀರಿಕೊಂಡ ಮೇಲೆ ಮನೆಯ ಹೊರಗಿನ ವ್ಯವಹಾರವೆಲ್ಲ ಅವನದೇ.

"ಸೈಕಲ್ ನಿನ್ನ ಹೊರಬೇಕೋ, ನೀ ಸೈಕಲ್ ಹೊರಬೇಕೋ ಗುಡದಪ್ಪಣ್ಣ?" ಎಂದಳು ರಾಜಮಾಬಿ.

ಗುಡದಪ್ಪ ನಗಲಿಲ್ಲ. ಸೈಕಲ್ ಇಳಿಸಿ, ಅಂಗಿಯ ಒಳಕಿಸೆಯಿಂದ ಮಡಚಿದ ಕಾಗದ ತೆಗೆದ. "ವೈನಿ, ಇವತ್ತ ಸಹಿ ಮಾಡಿಬಿಡ್ರಿ. ಇಂಗ್ಲೆಂಡಿನ ಆ ಸಾಹೇಬನ ಎರಡನೇ ಪತ್ರ ಬಂದೈತಿ. ಈ ವರ್ಷ ಮುಗಿಯೂದ್ರಾಗ ಉತ್ತರ ಬರಲಿಲ್ಲಂದ್ರ ನಮ್ಮನ್ನ ಬಿಟ್ಟು ಪುಸ್ತಕ ಅಚ್ಚಿಗೆ ಕೊಡ್ತಾನಂತ."

ಇದು ಯುಗಾದಿಯಿಂದ ಎಳೆದುಬಂದ ಮಾತು. ಅದಕ್ಕೂ ಮುಂಚೆ ಚಳಿಗಾಲದಲ್ಲಿ ಹನಮವ್ವ ಕಣ್ಣಿನ ಪೊರೆ ತೆಗೆಸಲು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ ಸೇರಿದ್ದಳು. ಇಂಗ್ಲೆಂಡಿನಿಂದ ಬಂದಿದ್ದ ವೈದ್ಯನೊಬ್ಬ ಅವಳ ಕೇಸ್ ಪೇಪರ್ ನೋಡಿ ನಿಂತುಬಿಟ್ಟಿದ್ದ. ಹನಮವ್ವ ಕೋಂ ಹೊಳಬಸಪ್ಪ ಟ್ರೆಸ್ಕಿನ್. ಅವನ ಊರ ಕಡೆ ಈ ಹೆಸರಿನ ಮುದುಕನೊಬ್ಬ ಇದ್ದನಂತೆ, ಆರ್ಥರ್ ಟ್ರೆಸ್ಕಿನ್. ರೈಲ್ವೆಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು, ತನ್ನ ಅಡ್ಡಹೆಸರಿನವರು ಜಗತ್ತಿನಲ್ಲಿ ಎಲ್ಲೆಲ್ಲಿ ಇದ್ದಾರೆಂದು ಹುಡುಕಿ ಪುಸ್ತಕ ಬರೆಯುವುದೇ ಈಗ ಅವನ ಉದ್ಯೋಗ. ವೈದ್ಯ ಅವನಿಗೆ ತಿಳಿಸಿದ. ಹನಮವ್ವನ ಹೆಸರಿಗೇ ನೀಲಿ ಲಕೋಟೆ ಬಂತು. ಗುಡದಪ್ಪ ಅದನ್ನು ಕುಂದಗೋಳದ ಟೈಪಿಂಗ್ ಅಂಗಡಿಗೆ ಒಯ್ದು ಓದಿಸಿಕೊಂಡು ಬಂದ. ಈ ಹೆಸರಿನವರು ಭಾಳ ಕಡಿಮೆ, ಆರ್ಥರನಿಗೆ ಮಕ್ಕಳಿಲ್ಲ, ನೀವು ನಮ್ಮ ರಕ್ತ ಸಂಬಂಧಿಕರೇನು, ಹೌದಾದರೆ ಬದುಕಿರುವಾಗಲೇ ಬಂದು ನೋಡುವ ಆಸೆ ಇದೆ ಎಂದು ಬರೆದಿದ್ದಾನೆ ಅಂದ. ಅಷ್ಟಕ್ಕೇ ಗುಡದಪ್ಪನ ತಲೆಯಲ್ಲಿ ಸಾಹೇಬನ ಮೋಟಾರು ಊರ ಅಗಸಿಯ ಹತ್ತಿರ ಬಂದು ನಿಂತಿತ್ತು.

ಹನಮವ್ವ ಕುಂಚ ಕೆಳಗಿಡದೆ ಕೇಳಿದಳು. "ಏನಂತ ಬರಿಸಿಯೋ?"

ಗುಡದಪ್ಪ ತಡವರಿಸುತ್ತ ಹೇಳಿದ. ಕಲ್ಲಿನ ಕೆಳಗೆ ಮಲಗಿದ ಸಾಹೇಬ ತಮ್ಮ ಮುತ್ತಜ್ಜನಾಗಬೇಕು. ಮುತ್ತಜ್ಜಿ ತಾಯವ್ವನನ್ನು ಅವನು ಇಟ್ಟುಕೊಂಡಿದ್ದ. ಟೈಪಿಂಗ್ ಅಂಗಡಿಯವನು ಅದನ್ನು ಲಗ್ನ ಎಂದು ಚಂದ ಮಾಡಿ ಹೊಡೆದುಕೊಟ್ಟಿದ್ದಾನೆ.

ಹನಮವ್ವ ಕುಂಚವನ್ನು ಗಡಿಗೆಯ ಬಾಯಿಗೆ ಅಡ್ಡ ಇಟ್ಟಳು.

ಕಂಪನಿ ಸರಕಾರದ ಕಾಲದಲ್ಲಿ ಹೊರದೇಶದ ಹತ್ತಿ ಬೆಳೆಸಿ ತೋರಿಸಲೆಂದು ಬಂದವನು ಆ ಕಲ್ಲಿನ ಕೆಳಗಿನ ಟ್ರೆಸ್ಕಿನ್ ಸಾಹೇಬ. ಈ ಹೊಲದಲ್ಲೇ ಬಂಗಲೆ ಕಟ್ಟಿಸಿಕೊಂಡಿದ್ದ. ಲಕ್ಕಪ್ಪ ಅವನ ಚಕ್ಕಡಿ ಹೊಡೆಯುತ್ತಿದ್ದ, ಮಾಬುಸಾಬ ಅಡುಗೆ ಮಾಡುತ್ತಿದ್ದ. ಒಂದು ಬೇಸಿಗೆಯಲ್ಲಿ ಸಾಹೇಬನಿಗೆ ಕಾಲರಾ ಬಡಿಯಿತು. ಜವಾನರೆಲ್ಲ ಓಡಿದರು. ಉಳಿದವರು ಆ ಇಬ್ಬರು, ಮತ್ತೆ ಲಕ್ಕಪ್ಪನ ಹೆಂಡತಿ ತಾಯವ್ವ. ಅವಳು ಸಾಹೇಬನ ತಲೆ ಎತ್ತಿ ಹಿಡಿದು ನೀರು ಕುಡಿಸಿದಳು. ಸಂಜೆಗೆ ಅವನು ಹೋದ. ಲಕ್ಕಪ್ಪ, ಮಾಬುಸಾಬ ಇಬ್ಬರೇ ಕುಣಿ ತೋಡಿದರು. ಆಮೇಲೆ ಬಂಗಲೆಯ ತೊಲೆ ಬಾಗಿಲು ಯಾರ ಯಾರ ಮನೆಗೋ ಹೋದವು, ಇವರಿಬ್ಬರ ಮನೆ ಮಾತ್ರ ಅಲ್ಲೇ ನಿಂತವು. ಹೊಲಕ್ಕೆ ಟ್ರೆಸ್ಕಿನ್ ಹೊಲ ಎಂದೇ ಹೆಸರಾಯಿತು, ಹೊಲದ ಮಂದಿಗೂ ಅದೇ. ಊರಲ್ಲಿ ಬಾವಿಯ ಹತ್ತಿರದವರಿಗೆ ಬಾವಿಕಟ್ಟಿ, ಉಳ್ಳಾಗಡ್ಡಿ ಮಾರುವವರಿಗೆ ಉಳ್ಳಾಗಡ್ಡಿ ಎಂಬ ಅಡ್ಡಹೆಸರು ಬಂದ ಹಾಗೆ. ಮುಂದೆ ಸಾಲಿಯ ಮಾಸ್ತರ ಅಡ್ಡಹೆಸರು ಕೇಳಿದಾಗ ಎರಡೂ ಮನೆಯ ಹುಡುಗರು ಅದನ್ನೇ ಹೇಳಿದರು.

ಆದರೆ ಊರು ನೆನಪಿಟ್ಟುಕೊಂಡದ್ದು ನೀರು ಕುಡಿಸಿದ್ದನ್ನು. ಎಲ್ಲರೂ ಓಡಿದಾಗ ಆಕಿಯೊಬ್ಬಳೇ ಯಾಕ ನಿಂತಳು ಅಂತ. ಹನಮವ್ವ ಮದುವೆಯಾಗಿ ಬಂದಾಗ ಹೆಂಗಸರು ಅವಳ ಗಂಡನ ಕಣ್ಣು ನೋಡಿ ನಕ್ಕಿದ್ದರು. ಹೊಳಬಸಪ್ಪನ ಕಣ್ಣು ಎರೆ ಮಣ್ಣಿನಷ್ಟು ಕಪ್ಪಗಿದ್ದವು. ಆದರೂ ನೀಲಿ ಹುಡುಕಿ ನೋಡಿದರು. ಅವಳ ಮಗಳನ್ನು ಕಲಘಟಗಿಗೆ ಕೊಟ್ಟಾಗ ಬೀಗರೂ ಅಡ್ಡಹೆಸರು ಕೇಳಿ ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು.

"ತಾಯವ್ವ ಸಾಯೂ ಮನಷ್ಯಾಗ ನೀರು ಕುಡಿಸಿದ್ಲು," ಎಂದಳು ಹನಮವ್ವ. "ಅಷ್ಟಕ್ಕ ಊರ ಮಂದಿ ಇಲ್ಲೀತನಕ ಬಾಯಿಗೆ ಬಂದಂಗ ಅಂದಾರ. ಈಗ ನಾನ ಸಹಿ ಮಾಡಿ ಕೊಟ್ಟರ, ಅದು ಖರೇನ ಆಕೈತಲ್ಲೋ."

"ಹೆಂಗೂ ಅಂತಾರಲ್ಲ ವೈನಿ. ಅಂದಿದ್ದಕ್ಕ ಒಂದೀಟು ಫಾಯದಾ ಆಗ್ಲಿ. ನಾ ಸಣ್ಣಂವ ಇದ್ದಾಗಿಂದ ಸಾಹೇಬನ ಬೀಜ ಅನಿಸಿಕೊಂಡೇನಿ. ಬರೇ ಅನಿಸಿಕೊಳ್ಳೂದ ಏನು?"

ಅವನ ದನಿಯಲ್ಲಿ ಆಸೆಗಿಂತ ದಣಿವೇ ಹೆಚ್ಚಾಗಿತ್ತು. ಹನಮವ್ವನಿಗೆ ಅದು ತಿಳಿಯಿತು. ಸಹಿ ಮಾಡದಿದ್ದರೆ ತಾಯವ್ವನ ಮಾನ ಉಳಿಯುತ್ತದೆ, ಸರಿ. ಆದರೆ ಇಲ್ಲ, ನಾವು ನಿಮ್ಮವರಲ್ಲ ಎಂದು ಬರೆದರೆ ಆ ಮುದುಕ ತಮ್ಮ ಹೆಸರು ಹೊಡೆದುಹಾಕುತ್ತಾನೆ. ಆಗ ಇಷ್ಟು ದಿನ ಹೊತ್ತ ಹೆಸರು ಯಾರದೋ ಕಳವು ಮಾಡಿದ್ದಾದಂತಾಗುತ್ತದೆ. ಈ ಎರಡರ ನಡುವೆಯೇ ಅವಳು ಯುಗಾದಿಯಿಂದ ಉತ್ತರ ತಡೆದಿದ್ದಳು.

ಕರಕಿಯ ಹಿಡಿಯನ್ನು ಬದಿಗೆಸೆದು ರಾಜಮಾಬಿ ಕೇಳಿದಳು. "ನಮ್ಮ ಮಾಬುಸಾಬನ್ನ ಏನಂತ ಬರಿಸಿದಿ ಗುಡದಪ್ಪಣ್ಣ? ನಮ್ಮ ಅಡ್ಡಹೆಸರೂ ಅದ ಐತಿ. ಅಂವಾ ಸಾಹೇಬನ ಎರಡನೇ ಹೇಂತಿ ಏನು?"

ಹನಮವ್ವ ಬಾಯಿಗೆ ಸೆರಗು ಹಿಡಿದಳು. ಗುಡದಪ್ಪನಿಗೂ ನಗು ತಡೆಯಲಾಗಲಿಲ್ಲ. ನಿಮ್ಮ ಮನೆಯ ಸುದ್ದಿ ಬರೆಸಿಲ್ಲ, ಬರೆದರೆ ಕತೆ ಹೊಂದುವುದಿಲ್ಲ ಎಂದು ಟೈಪಿಂಗ್ ಅಂಗಡಿಯವನೇ ಹೇಳಿದ ಎಂದು ಒಪ್ಪಿಕೊಂಡ.

"ಹೊಂದೂದಿಲ್ಲ ಅಂದ್ರ ಕತಿ ತಪ್ಪೈತಿ ಅಂತಾತು," ಎಂದಳು ಹನಮವ್ವ. ಆ ಅಂಗಡಿಯವನು ಮೊದಲ ಪತ್ರ ಪೂರ್ತಿ ಓದಿದನೇ ಎಂದು ಕೇಳಿದಳು. ಮೊದಲ ಹಾಳೆಯನ್ನಷ್ಟೇ ಓದಿದ, ಎರಡನೆಯದು ಬರೀ ಹಳೇ ಪುರಾಣ, ಮೂರನೆಯದು ನಕಾಶೆ ಅಂದ ಗುಡದಪ್ಪ. ಅವಳು ಎದ್ದು ಕೈ ತೊಳೆದಳು. ಕುಂದಗೋಳದ ಹೈಸ್ಕೂಲಿನಲ್ಲಿ ರಾಜಮಾಬಿಯ ಅಕ್ಕನ ಮಗ ಅಬ್ದುಲಮಜೀದ ಇಂಗ್ಲಿಷ್ ಕಲಿಸುತ್ತಿದ್ದ. ಹಬ್ಬದ ರಜೆ, ಮನೆಯಲ್ಲೇ ಇರುತ್ತಾನೆ. ಪೂರ್ತಿ ಓದಿಸಿ ಕೇಳದೆ ತಾನು ಯಾವುದಕ್ಕೂ ಸಹಿ ಮಾಡುವುದಿಲ್ಲ ಎಂದಳು. ಅರ್ಧ ಬಳಿದ ಕಲ್ಲನ್ನು ಹಾಗೇ ಬಿಟ್ಟು, ಮನೆಯಿಂದ ಪತ್ರ ತೆಗೆದುಕೊಂಡು ಮೂವರೂ ಬಸ್ಸಿನ ದಾರಿ ಹಿಡಿದರು.

ಅಬ್ದುಲಮಜೀದ ಪಡಸಾಲೆಯಲ್ಲಿ ಜಮಖಾನ ಹಾಸಿ ಕೂಡಿಸಿದ. ಚಹಾ ಬಂತು. ಪತ್ರವನ್ನು ಅವನು ಮೊದಲು ತಾನೊಬ್ಬನೇ ಓದಿಕೊಂಡು, ಆಮೇಲೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳತೊಡಗಿದ. ಮೊದಲ ಹಾಳೆ ಗುಡದಪ್ಪ ಹೇಳಿದಂತೆಯೇ ಇತ್ತು. ಎರಡನೆಯ ಹಾಳೆಗೆ ಬಂದಾಗ ಹನಮವ್ವ ಚಹಾದ ಬಟ್ಟಲನ್ನು ಕೆಳಗಿಟ್ಟಳು.

ಇಂಗ್ಲೆಂಡಿನ ಕಟ್ಟಕಡೆಯ ಮೂಲೆಯಲ್ಲಿ, ಭೂಮಿ ಮುಗಿದು ಸಮುದ್ರ ಶುರುವಾಗುವ ಕಡೆ, ಟ್ರೆಸ್ಕಿನ್ ಎಂಬ ಹೆಸರಿನ ಹೊಲವಿದೆಯಂತೆ. ಹೊಲ, ಅದರೊಳಗೊಂದು ಮನೆ. ಈಗ ಮಾಡು ಬಿದ್ದು ದನ ಮೇಯುತ್ತವೆ. ಹಿಂದಿನ ಕಾಲದಲ್ಲಿ ಅಲ್ಲಿಯ ಒಕ್ಕಲಿಗರಿಗೆ ಅಡ್ಡಹೆಸರು ಇರಲಿಲ್ಲ. ಯಾವ ಹೊಲದಲ್ಲಿ ಇರುತ್ತಾರೋ ಆ ಹೊಲದ ಹೆಸರು ಹೇಳುತ್ತಿದ್ದರು. ಹೊಲ ಬಿಟ್ಟು ಬೇರೆ ಕಡೆ ಹೋದರೆ ಆ ಕಡೆಯ ಹೆಸರು. ಆರ್ಥರನ ವಂಶದ ಮೊದಲಿಗ ಆ ಹೊಲಕ್ಕೆ ಆಳಾಗಿ ಬಂದವನು, ಬಂದ ಮೇಲೆ ಟ್ರೆಸ್ಕಿನ್ ಆದ. ಅವನಿಗಿಂತ ಮುಂಚೆ ಅಲ್ಲಿದ್ದವರೂ ಟ್ರೆಸ್ಕಿನ್‌ರೇ, ಆದರೆ ಅವರಿಗೂ ಇವನಿಗೂ ಸಂಬಂಧವಿಲ್ಲ.

"ನಿಂದ್ರು," ಎಂದಳು ಹನಮವ್ವ. "ಹೊಲ ಮೊದಲ, ಹೆಸರು ಆಮ್ಯಾಲ?"

"ಹೌದ್ರಿ ಅಕ್ಕಾರ."

"ಆ ಮೊದಲನೇ ಆಳು, ಹೊಲದ ಮಂದಿಗೆ ರಕ್ತದವನಲ್ಲ?"

"ಅಲ್ರಿ. ಹಂಗಂತ ಇವರ ಬರದಾರ ನೋಡ್ರಿ."

ಹನಮವ್ವ ಗೋಡೆಗೆ ಒರಗಿ ಕೂತಳು. ಒಳಗೊಳಗೇ ನಕ್ಕಳು. "ಕೇಳಿದ್ಯೇನೋ ಗುಡದಪ್ಪಾ. ಅವರೂ ನಮ್ಮಂಗ ಹೊಲದ ಮಂದಿನ."

ಮೂರನೆಯ ಹಾಳೆಯಲ್ಲಿ ಜಗತ್ತಿನ ನಕಾಶೆ ಇತ್ತು. ಇಂಗ್ಲೆಂಡಿನ ಆ ಮೂಲೆಯಲ್ಲಿ ರೊಟ್ಟಿಗೆ ಹಚ್ಚಿದ ಎಳ್ಳಿನ ಹಾಗೆ ಕರೀ ಚುಕ್ಕೆಗಳು ಒತ್ತಾಗಿದ್ದವು. ಅಲ್ಲಿಂದ ಆಚೆಗೆ ಒಂದೊಂದೇ ಉದುರಿದ್ದವು. ಅಲ್ಲಿ ಗಣಿ ಮುಚ್ಚಿದಾಗ ಹೊಟ್ಟೆಪಾಡಿಗೆ ಹೊರಟವರು ಅವರು ಎಂದು ಅಬ್ದುಲಮಜೀದ ಬೆರಳಿಟ್ಟು ತೋರಿಸಿದ. ಆಫ್ರಿಕದ ತುದಿಯಲ್ಲಿ ಕೆಲವು, ಆಸ್ಟ್ರೇಲಿಯದಲ್ಲಿ ಕೆಲವು. ಹಿಂದೂಸ್ತಾನದ ಹೊಟ್ಟೆಯಲ್ಲಿ ಪೆನ್ಸಿಲಿನ ಸಣ್ಣ ಸೊನ್ನೆ, ಅದರ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ. ನಿಮ್ಮವರಿರುವ ಜಾಗ ಗುರುತು ಮಾಡಿ ತಿರುಗಿ ಕಳಿಸಿರೆಂದು ಕೆಳಗೆ ಬರೆದಿತ್ತು.

"ಇದು ನಾವೇನು?"

"ನೀವ."

ಅವಳು ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು ಆ ಸೊನ್ನೆಯನ್ನು ನೋಡಿದಳು. "ಮಾಸ್ತರ, ಹಾಳಿ ತಗೋ. ನಾ ಹೇಳ್ತೇನಿ, ನೀ ಬರಿ. ಚಂದ ಮಾಡಬ್ಯಾಡ, ಹೇಳಿದಂಗ ಬರಿ."

ಹೇಳುವುದಕ್ಕೆ ಅವಳಿಗೆ ತಡವಾಗಲಿಲ್ಲ. ನಾವು ನಿಮ್ಮ ರಕ್ತದವರಲ್ಲ. ನೀವು ಆ ಹೊಲದಲ್ಲಿ ನಿಂತು ಹೆಸರು ತೆಗೆದುಕೊಂಡಿರಿ, ನಾವು ಈ ಹೊಲದಲ್ಲಿ ನಿಂತು ತೆಗೆದುಕೊಂಡೆವು. ನಿಮ್ಮವನೊಬ್ಬ ಇಲ್ಲಿ ಮಣ್ಣಾಗಿದ್ದಾನೆ. ಅವನ ಕಲ್ಲಿಗೆ ಎರಡು ಮನೆಯವರು ಸುಣ್ಣ ಹಚ್ಚಿ ಹುಲ್ಲು ಕೀಳುತ್ತೇವೆ. ಎರಡೂ ಮನೆಯವರು ಟ್ರೆಸ್ಕಿನ್. ಬರುವುದಾದರೆ ಬರ್ರಿ, ಎರೆ ಹೊಲ, ಮಳೆ ನಿಂತ ಮೇಲೆ ಬರ್ರಿ.

ಆಮೇಲೆ ತಾಯವ್ವನ ಮಾತಿಗೆ ಬಂದಾಗ ಅವಳು ನಿಧಾನವಾದಳು. "ಅವನ ಕಡೀ ಹೊತ್ತಿನಾಗ ಬಾಯಿಗೆ ನೀರು ಬಿಟ್ಟಾಕಿ ತಾಯವ್ವ. ಚಕ್ಕಡಿ ಹೊಡಿಯೂ ಲಕ್ಕಪ್ಪನ ಹೇಂತಿ. ಅಷ್ಟ. ಅದಕ್ಕಿಂತ ಒಂದು ಅಕ್ಷರ ಹೆಚ್ಚಿಗಿ ಹಾಕಬ್ಯಾಡ."

ಅಬ್ದುಲಮಜೀದ ಬರೆದು, ಓದಿ ಹೇಳಿದ. ಗುಡದಪ್ಪ ಬಾಗಿಲ ಕಡೆ ಮುಖ ಮಾಡಿ ಕೂತಿದ್ದ. "ಇನ್ನ ಅಂವಾ ಬರಂಗಿಲ್ಲ ಬಿಡ್ರಿ," ಎಂದ. ಅವನ ಕೈಯಲ್ಲಿ ಟೈಪು ಮಾಡಿಸಿದ ಕಾಗದ ಸುರುಳಿಯಾಗಿತ್ತು.

ಮಾಸ್ತರ ನಕಾಶೆಯ ಮೇಲಿನ ಪೆನ್ಸಿಲ್ ಸೊನ್ನೆಯನ್ನೂ ಪ್ರಶ್ನೆಯ ಗುರುತನ್ನೂ ರಬ್ಬರಿನಿಂದ ಉಜ್ಜಿ ತೆಗೆದ. ಆ ಜಾಗದಲ್ಲಿ ಶಾಯಿಯಿಂದ ಒಂದು ಚುಕ್ಕೆ ಇಟ್ಟ. ಹನಮವ್ವ ಅದರ ಬಾಜು ಇನ್ನೊಂದಿಡಲು ಹೇಳಿದಳು, ರಾಜಮಾಬಿಯ ಮನೆಗೆ. ನವಲಗುಂದದಲ್ಲಿ ತನ್ನ ಭಾವ ಜಮಖಾನ ನೇಯುತ್ತಾನೆ, ಮಗ್ಗದ ಮಂದಿ ಅವನನ್ನೂ ಟ್ರೆಸ್ಕಿನ್ ಎಂದೇ ಕರೆಯುತ್ತಾರೆ ಎಂದು ರಾಜಮಾಬಿ ನೆನಪು ಮಾಡಿದಳು. ಮೂರನೆಯದು ಬಿತ್ತು. ಕಲಘಟಗಿಯ ಮಗಳ ಸುದ್ದಿ ಬಂದಾಗ ಹನಮವ್ವ ಬೇಡವೆಂದಳು. ಅವಳು ಈಗ ಗಂಡನ ಮನೆಯ ಹೆಸರಿನವಳು.

ಬಾಗಿಲ ಕಡೆಯಿಂದ ಗುಡದಪ್ಪನ ದನಿ ಬಂತು. "ಅಣ್ಣಿಗೇರಿ ಕಾಕಾನ ಬಿಟ್ರಲ್ಲಾ. ಹತ್ತಿ ಜಿನ್ನಿಂಗ್ ಗಿರಣಿ ಸೇರಿ ಅಲ್ಲೇ ಮನಿ ಕಟ್ಟಿಲ್ಲೇನು ಅಂವಾ? ಬಾಗಲಾ ಮ್ಯಾಲ ಹೆಸರ ಬರಿಸ್ಯಾನ, ಇಷ್ಟಿಷ್ಟು ದೊಡ್ಡ ಅಕ್ಷರದಾಗ."

"ಅದಕ್ಕ ಬಾ ಅಂತೀನಿ, ಈ ಕಡೆ ಹೊಳ್ಳಿ ಕುಂಡರು," ಎಂದಳು ಹನಮವ್ವ.

ಅವನು ಹತ್ತಿರ ಸರಿದು ಕೂತ. ಅಷ್ಟು ದೊಡ್ಡ ಜಗತ್ತಿನ ನಕಾಶೆಯಲ್ಲಿ ಧಾರವಾಡ ಜಿಲ್ಲೆ ಉಗುರಿನಷ್ಟೂ ಇರಲಿಲ್ಲ. ನಾಲ್ಕನೆಯ ಚುಕ್ಕೆ ಇಟ್ಟಾಗ ಅವು ಒಂದಕ್ಕೊಂದು ತಾಗಿ, ಶಾಯಿ ಹರಿದು ಒಂದೇ ಕರೀ ಕಾಳಾಯಿತು. ತಪ್ಪಾಯಿತೇನೋ ಎಂದು ಮಾಸ್ತರ ಮುಖ ಎತ್ತಿದ. ಇರಲಿ ಬಿಡು ಎಂದು ಹನಮವ್ವ ಕೈ ಮಾಡಿದಳು. ಪತ್ರದ ಕೆಳಗೆ, ತೋರಿಸಿದ ಜಾಗದಲ್ಲಿ, ಒಂದೊಂದೇ ಅಕ್ಷರ ಕೂಡಿಸಿ ಕನ್ನಡದಲ್ಲಿ ತನ್ನ ಪೂರ್ತಿ ಹೆಸರು ಬರೆದಳು. ಅದರ ಪಕ್ಕ ರಾಜಮಾಬಿ ಹೆಬ್ಬೆಟ್ಟು ಒತ್ತಿದಳು.

ಪೋಸ್ಟಾಫೀಸಿನಲ್ಲಿ ತೂಕ ನೋಡಿ ಸ್ಟಾಂಪು ಕೊಟ್ಟರು. ಗುಡದಪ್ಪ ಲಕೋಟೆಯ ಹಿಂದೆ ತಮ್ಮ ವಿಳಾಸವನ್ನು ತಾನೇ ಬರೆಯುತ್ತೇನೆಂದು ಪೆನ್ನು ತೆಗೆದುಕೊಂಡ. ಊರ ಹೆಸರಿಗೆ ಮುಂಚೆ ಟ್ರೆಸ್ಕಿನ್ ಹೊಲ ಎಂದು ಬರೆದ. ಟೈಪು ಮಾಡಿಸಿದ ಕಾಗದವನ್ನು ಮಡಚಿ ಸೈಕಲ್ಲಿನ ಸೀಟಿಗೆ ಮೆತ್ತಿದ ಮಣ್ಣು ಒರೆಸಲು ಆದೀತು ಎಂದು ಕಿಸೆಗಿಟ್ಟುಕೊಂಡ.

ಹನಮವ್ವ ಅಂಟಿನ ಡಬ್ಬಿಯಲ್ಲಿ ಬೆರಳು ಅದ್ದಿ ಲಕೋಟೆಯ ಬಾಯಿಗೆ ಸವರಿ ಒತ್ತಿ ಹಿಡಿದಳು. ಬೆಳಿಗ್ಗೆ ಕೈ ತೊಳೆದಿದ್ದರೂ ಉಗುರ ಸಂದಿಯ ಸುಣ್ಣ ಹೋಗಿರಲಿಲ್ಲ. ಅಂಟಿನ ತೇವಕ್ಕೆ ಅದು ಕರಗಿ ನೀಲಿ ಕಾಗದದ ಮೇಲೆ ಬೆರಳಿನ ಬಿಳಿ ಗುರುತು ಮೂಡಿತು. ಸೆರಗಿನಿಂದ ಒರೆಸಲು ಹೋದಳು. ಗುರುತು ಇನ್ನಷ್ಟು ಅಗಲವಾಯಿತು.

"ಬಿಡು ಹನಮಕ್ಕ," ಎಂದಳು ರಾಜಮಾಬಿ. "ಹೊತ್ತಾತು. ಕಲ್ಲು ಇನ್ನಾ ಅರ್ಧ ಉಳದೈತಿ."

ಹನಮವ್ವ ಲಕೋಟೆಯನ್ನು ಕೆಂಪು ಡಬ್ಬಿಯ ಬಾಯಿಗೆ ಇಟ್ಟು, ಒಂದು ಗಳಿಗೆ ಹಿಡಿದಿದ್ದು, ಒಳಗೆ ಬಿಟ್ಟಳು. ಅದು ತಳಕ್ಕೆ ಬಿದ್ದ ಸಪ್ಪಳ ಕೇಳಿಸಿತು. ಡಬ್ಬಿಯ ಅಂಚಿನ ಮೇಲೆ ಬೆರಳಗಲ ಸುಣ್ಣ ಉಳಿದಿತ್ತು.